ಮೊದಲ ಗುಟುಕು

ಹಾಲಿನ ಸಂಘದ ಸಿಮೆಂಟು ಕಟ್ಟೆಯ ಮೇಲೆ ಆ ಮಿಷಿನ್ನು ಬಂದು ಕೂತು ನಾಲ್ಕು ವರ್ಷದ ಮೇಲಾಗಿತ್ತು. ನೋಡುವುದಕ್ಕೆ ಅಂಥ ದೊಡ್ಡದೇನಲ್ಲ. ಇಬ್ಬರ ಊಟದ ಡಬ್ಬಿಯಷ್ಟು ಗಾತ್ರ, ಎದೆಯ ಮೇಲೆ ಅಂಗೈಯಗಲದ ಗಾಜು, ಬಲಮಗ್ಗುಲಲ್ಲಿ ಇಳಿಬಿದ್ದ ದಬ್ಬಣದಂಥ ಉಕ್ಕಿನ ಕೊಳವೆ. ಕೊಳವೆಯ ಬಾಯಿಗೆ ಹಾಲಿನ ಲೋಟ ಹಿಡಿದರೆ ಗೊರ್ರೆಂದು ಒಂದು ಗುಟುಕು ಎಳೆದುಕೊಳ್ಳುತ್ತಿತ್ತು. ಐವತ್ತು ಎಣಿಸುವಷ್ಟರಲ್ಲಿ ಜಿಡ್ಡು ಇಷ್ಟು, ಗಟ್ಟಿ ಇಷ್ಟು, ಬೆರೆಸಿದ ನೀರು ಇಷ್ಟು ಎಂದು ಹಸಿರು ಅಂಕಿಗಳಲ್ಲಿ ಹೇಳಿ ಮುಗಿಸುತ್ತಿತ್ತು.

ಅದಕ್ಕೆ ಮೊದಲು ಸಂಘದ ಕಾರ್ಯದರ್ಶಿ ತನ್ನ ಮೂಗು ಮತ್ತು ಹೆಬ್ಬೆರಳಿನಿಂದಲೇ ಹಾಲಿನ ಜಾತಕ ಹೇಳುತ್ತಿದ್ದ. ಆಗ ದಿನ ಬೆಳಗಾದರೆ ಜಗಳ. ನಿನ್ನ ಮೂಗಿಗೆ ನೆಗಡಿ, ನಿನ್ನ ಬೆರಳಿಗೆ ಪಕ್ಷಪಾತ, ನಿನ್ನ ಭಾವಮೈದನ ಹಾಲಿಗಾದರೆ ಇಷ್ಟು ಮೂಸುತ್ತಿದ್ದೆಯಾ ಎಂದೆಲ್ಲ ಜನ ಅವನ ಬೆವರಿಳಿಸುತ್ತಿದ್ದರು. ಮಿಷಿನ್ನು ಬಂದದ್ದೇ ತಡ, ಎಲ್ಲರ ಬಾಯಿ ಕಟ್ಟಿಹೋಯಿತು. "ಮಿಷಿನ್ನು ಹೇಳ್ತು" ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಕಾರ್ಯದರ್ಶಿ ಮೂಗಿಗೆ ನಿವೃತ್ತಿ ಕೊಟ್ಟು ಒಳಗೆ ಕುರ್ಚಿಯಲ್ಲಿ ಕೂತ. ಮಿಷಿನ್ನು ನಡೆಸುವುದಕ್ಕೆ ಹತ್ತಿರದ ಮನೆಯ ಸೊಸೆಯೊಬ್ಬಳನ್ನು ಇಟ್ಟುಕೊಂಡರು. ಇದೇ ಊರಲ್ಲಿ ಹುಟ್ಟಿ ಹತ್ತನೆಯ ತರಗತಿಯವರೆಗೆ ಓದಿದವಳು, ಮೈಗಳ್ಳಿಯಲ್ಲ, ಮಾತು ಕಡಿಮೆ. ವರ್ಷ ತುಂಬುವುದರೊಳಗೆ ಎಲ್ಲರ ಬಾಯಲ್ಲೂ ಅವಳು ಹಾಲಕ್ಕನಾದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಲಕ್ಕ ಅನ್ನುತ್ತಿದ್ದರು.

ಬೆಳಗಿನ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವರು ಮಿಷಿನ್ ಮೇಷ್ಟ್ರು. ಒಂದೇ ಹಸು, ನಾಲ್ಕು ಲೀಟರು ಹಾಲು, ಸದಸ್ಯ ಸಂಖ್ಯೆ ನಲವತ್ತೊಂದು. ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ತಮ್ಮ ಕ್ಯಾನು ಇಟ್ಟುಕೊಂಡು, ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸುತ್ತ ನಿಂತಿರುತ್ತಿದ್ದರು. ಅವರ ಅಡ್ಡಹೆಸರು ಹಾಲಿನ ಮಿಷಿನ್ನಿನಿಂದ ಬಂದದ್ದಲ್ಲ. ಅದು ಅದಕ್ಕಿಂತ ಎಷ್ಟೋ ಹಳೆಯದು. ಅದನ್ನು ಇಟ್ಟ ಮಕ್ಕಳ ಗುಂಪಿನಲ್ಲಿ ಎರಡು ಜಡೆ ಹಾಕಿಕೊಂಡ ಹಾಲಕ್ಕನೂ ಇದ್ದಳು.

ಅವಳಾಗ ಏಳನೆಯ ತರಗತಿ. ಮೇಷ್ಟ್ರು ಇಂಗ್ಲಿಷು ಹೇಳಿಕೊಡುತ್ತಿದ್ದರು. ಪದಗಳ ಮೇಲೆ ಅವರಿಗೆ ಒಂದು ಥರದ ಹುಚ್ಚು. ಒಂದು ದಿನ ಪಾಠದಲ್ಲಿ ಮಿಷಿನ್ನು ಎಂಬ ಮಾತು ಬಂತು. ಹಾಗೆಂದರೇನು ಹೇಳಿ ಎಂದರು. ಮಕ್ಕಳು ಕಬ್ಬಿಣ ಎಂದರು, ಚಕ್ರ ಎಂದರು, ಹಿಂದಿನ ಬೆಂಚಿನಿಂದ ಒಬ್ಬ ಡರ್ರೆಂದು ಸದ್ದು ಮಾಡಿ ತೋರಿಸಿದ. ಮೇಷ್ಟ್ರು ನಕ್ಕು, ಈ ಮಾತು ಹುಟ್ಟಿದ ಮನೆಯಲ್ಲಿ ಕಬ್ಬಿಣವೂ ಇರಲಿಲ್ಲ, ಸದ್ದೂ ಇರಲಿಲ್ಲ ಎಂದರು. ಆಮೇಲೆ ಆ ಪೀರಿಯಡ್ಡು ಪೂರ್ತಿ ಅದೊಂದೇ ಮಾತಿನ ಹಿಂದೆ ಹೋಯಿತು.

ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರು ಮೆಖಾನೆ ಅನ್ನುತ್ತಿದ್ದರಂತೆ. ಅವರಲ್ಲೇ ಇನ್ನೊಂದು ಸೀಮೆಯವರು ಅದನ್ನು ಎಳೆದು ಮಾಖಾನಾ ಅನ್ನುತ್ತಿದ್ದರು. ಆ ಸೀಮೆಯವರ ಬಾಯಿಂದ ಅದು ಲ್ಯಾಟಿನ್ನಿಗೆ ಹೋಗಿ ಮಾಖಿನಾ ಆಯಿತು, ಫ್ರೆಂಚರ ಮನೆಯಲ್ಲಿ ತಲೆ ಬಾಚಿಸಿಕೊಂಡು ಇಂಗ್ಲಿಷಿಗೆ ಬಂತು, ನಮ್ಮ ನಾಲಿಗೆಯ ಮೇಲೆ ಮಿಷಿನ್ನಾಗಿ ಕೂತಿತು. ಆದರೆ ಮೊದಲಿಗೆ ಅದರ ಅರ್ಥ ಉಪಾಯ, ಅಷ್ಟೆ. ಒಂದು ಕೆಲಸ ಆಗಬೇಕು, ಬರಿಗೈಯಲ್ಲಿ ಆಗುವುದಿಲ್ಲ, ಆಗ ತಲೆಯಲ್ಲಿ ಹೊಳೆಯುತ್ತದಲ್ಲ, ಆ ದಾರಿ. "ಬಾವಿಗೆ ಕೊಡ ಬಿತ್ತು ಅನ್ನಿ. ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಬಿಡ್ತೀರಲ್ಲ. ಆ ಕೊಕ್ಕೆ ಆಮೇಲೆ ಬಂತು, ಮೊದಲು ಬಂದದ್ದು ಯೋಚನೆ. ಆ ಯೋಚನೆಗೇ ಅವರು ಮೆಖಾನೆ ಅಂದಿದ್ದು." ಅದೇ ಮಾತನ್ನು ಮೋಸದ ಹುನ್ನಾರಕ್ಕೂ ಬಳಸುತ್ತಿದ್ದರು ಎಂದೂ ಹೇಳಿದರು. ಉಪಾಯವೋ ಮೋಸವೋ ಎನ್ನುವುದು ಅದು ಯಾರ ತಲೆಯಿಂದ ಬಂತು ಎಂಬುದರ ಮೇಲೆ ನಿಂತಿತ್ತು.

ಆಮೇಲೆ ಹಲಗೆಯ ಮೇಲೆ ಒಂದು ಉದ್ದ ಕಂಬ ಬರೆದು, ಅದರ ತುದಿಗೆ ಹಗ್ಗ, ಹಗ್ಗಕ್ಕೆ ನೇತುಬಿದ್ದ ಮನುಷ್ಯನನ್ನು ಬರೆದರು. ಗ್ರೀಕರ ನಾಟಕದ ಅಟ್ಟದ ಹಿಂದೆ ಇಂಥದೊಂದು ಇರುತ್ತಿತ್ತು, ಅದಕ್ಕೂ ಮೆಖಾನೆ ಎಂದೇ ಹೆಸರು. ಕತೆ ಎಲ್ಲೂ ಬಿಡಿಸಲಾಗದ ಗಂಟಾದಾಗ ಈ ಹಗ್ಗದಿಂದ ಒಬ್ಬ ದೇವರನ್ನು ಮೇಲಿನಿಂದ ಇಳಿಸುತ್ತಿದ್ದರು. ದೇವರು ಬಂದು ಇವನದು ತಪ್ಪು, ಇವಳದು ಸರಿ ಎಂದು ತೀರ್ಪು ಕೊಟ್ಟರೆ ಕತೆ ಮುಗಿಯುತ್ತಿತ್ತು. ಎರಡು ಜಡೆಯ ಹುಡುಗಿ ಎದ್ದು ನಿಂತು, ನೋಡುವವರಿಗೆ ಹಗ್ಗ ಕಾಣುತ್ತಿರಲಿಲ್ಲವೇ ಎಂದು ಕೇಳಿದಳು. ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಸೀಮೆಸುಣ್ಣವನ್ನೇ ಬಹುಮಾನವಾಗಿ ಕೊಟ್ಟುಬಿಟ್ಟರು.

"ಕಾಣ್ತಿತ್ತಮ್ಮ. ಚೆನ್ನಾಗೇ ಕಾಣ್ತಿತ್ತು. ಹಗ್ಗ ಎಳೆಯೋನು ಒಬ್ಬ ಹಿಂದೆ ಇದಾನೆ ಅಂತಲೂ ಗೊತ್ತಿತ್ತು. ಆದ್ರೂ ನಂಬ್ತಿದ್ರು."

ಅಂದಿನಿಂದ ಅವರು ಮಿಷಿನ್ ಮೇಷ್ಟ್ರು. ಹೆಸರು ಅವರ ಕಿವಿಗೆ ಬಿದ್ದಾಗ ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನಿವೃತ್ತಿಯಾಗಿ, ಹಸು ಕಟ್ಟಿಕೊಂಡು, ಹಳೇ ಶಿಷ್ಯೆಯ ಕಟ್ಟೆಯ ಮುಂದೆ ಕ್ಯಾನು ಹಿಡಿದು ನಿಂತಾಗಲೂ ಅದೇ ಹೆಸರು ಅವರ ಬೆನ್ನಿಗಿತ್ತು.

ಮಿಷಿನ್ನು ಕೂರಿಸಲು ಬಂದ ಕಂಪನಿಯವನು ಹಾಲಕ್ಕನಿಗೆ ಮೂರು ದಿನ ಎಲ್ಲ ಹೇಳಿಕೊಟ್ಟಿದ್ದ. ಸಂಜೆ ಸರದಿ ಮುಗಿದ ಮೇಲೆ ಸೋಪಿನ ನೀರು, ಅದರ ಹಿಂದೆ ಬಿಸಿನೀರು ಎಳೆಸಿ ಒಳಗನ್ನು ತೊಳೆಯಬೇಕು. ಬೆಳಗ್ಗೆ ಮೊದಲ ಗುಟುಕು ಹಾಲನ್ನು ಎಳೆಸಿ ಚೆಲ್ಲಿಬಿಡಬೇಕು. ತೊಳೆದ ನೀರು ಕೊಳವೆಯೊಳಗೆ ಎಲ್ಲೋ ಕೂತಿರುತ್ತದೆ, ಮೊದಲ ಗುಟುಕಿನ ಜೊತೆ ಅದು ಬರುತ್ತದೆ, ಆ ಲೆಕ್ಕ ಯಾರಿಗೂ ಹಿಡಿಯಬಾರದು ಎಂದಿದ್ದ. ಹಾಲಕ್ಕ ನಾಲ್ಕು ವರ್ಷ ಇದನ್ನು ತಪ್ಪಿಸಿರಲಿಲ್ಲ. ಪ್ರತಿ ಬೆಳಗ್ಗೆ ಮನೆಯ ಹಸುವಿನ ಹಾಲನ್ನು ಅರ್ಧ ಲೋಟ ಸೆರಗಿನಡಿ ಮುಚ್ಚಿಕೊಂಡು ತಂದು ಮಿಷಿನ್ನಿನ ಬಾಯಿ ತೊಳೆಸುತ್ತಿದ್ದಳು. ಯಾರೂ ಬರುವ ಮುಂಚೆಯೇ ಇದು ಮುಗಿಯುತ್ತಿದ್ದುದರಿಂದ ಸಾಲಿನವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಅವಳ ಅತ್ತೆಗೆ ಮಾತ್ರ. ಸಂಬಳ ಕೊಡುವವರು ಅವರು, ಹಾಲು ಚೆಲ್ಲುವವರು ನಾವು ಎಂದು ಅತ್ತೆ ಗೊಣಗುತ್ತಿದ್ದರೂ ಲೋಟ ತುಂಬಿಸಿ ಇಡುತ್ತಿದ್ದಳು.

ಆ ಸಲ ಮನೆಯ ಹಸು ಗಬ್ಬವಾಗಿ ಹಾಲು ಬತ್ತಿತು. ಕರು ಹಾಕುವವರೆಗೆ ಎರಡು ತಿಂಗಳು ಮನೆಗೇ ಹಾಲಿಲ್ಲ. ಹಾಲಕ್ಕ ಮೊದಲ ದಿನ ಸಾಲಿನಲ್ಲಿದ್ದ ಬಡಗಿಯನ್ನು, ಅರ್ಧ ಲೋಟ ಕೊಡಣ್ಣ, ಮಿಷಿನ್ನಿಗೆ ಹಾಕಿ ಚೆಲ್ಲಬೇಕು ಎಂದು ಕೇಳಿದಳು. ಬಡಗಿ ಊರಿಗೆಲ್ಲ ಕೇಳುವಂತೆ ಮಾತಾಡುವವನು. ಈವರೆಗೆ ಕರುವಿಗೆ ಬಿಟ್ಟು ಕರೆಯುತ್ತಿದ್ದೆವು, ಇನ್ನು ಮಿಷಿನ್ನಿಗೂ ಒಂದು ಮೊಲೆ ಬಿಡಬೇಕೇನೋ ಎಂದ. ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಲಕ್ಕನ ಮುಖ ಕೆಂಪಾಯಿತು. ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ಬಿಸಿನೀರು ಇನ್ನೊಂದು ಸಲ ಎಳೆಸಿದರೆ ಸಾಕು, ಹಾಲಿನದೇ ಆಗಬೇಕೆಂದೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದು ಅವಳಿಗೆ ಆಮೇಲೆ ಚೆನ್ನಾಗಿ ನೆನಪಿತ್ತು, ಯಾವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿಕೊಂಡೆ ಎನ್ನುವುದು ಕೂಡ.

ಮಾರನೆಯ ದಿನದಿಂದ ಮೇಷ್ಟ್ರ ಹಾಲಿನಲ್ಲಿ ನೀರು ಕಾಣತೊಡಗಿತು. ಒಂದು ದಿನ ನೂರಕ್ಕೆ ಮೂರು, ಒಂದು ದಿನ ನಾಲ್ಕು. ಐದರವರೆಗೆ ಸಂಘ ಏನೂ ಅನ್ನುವುದಿಲ್ಲ. ಐದು ದಾಟಿದರೆ ಹಾಲು ವಾಪಸ್ಸು. ಆ ಸದಸ್ಯನ ಸಂಖ್ಯೆ ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ, 'ನೀರು ಬೆರೆಸಿದವರು' ಎನ್ನುವುದರ ಕೆಳಗೆ ಬರೆದ ದಿನ ಬಿಟ್ಟು ಮೂರು ದಿನ ಇರಬೇಕು. ಹಾಲಕ್ಕ ಒಂದು ವಾರ ಅಂಕಿ ನೋಡಿಯೂ ನೋಡದವಳಂತೆ ಚೀಟಿ ಹರಿದು ಕೊಟ್ಟಳು. ಪಾಪ, ವಯಸ್ಸಾಯಿತು, ಪಿಂಚಣಿ ಸಾಲುತ್ತಿಲ್ಲವೇನೋ ಎಂದುಕೊಂಡಳು. ಗುರುಗಳ ಮಾನ ತನ್ನ ಬಾಯಲ್ಲಿ ಭದ್ರವಾಗಿದೆ ಎನ್ನುವ ಒಂದು ಸಣ್ಣ ಹೆಮ್ಮೆಯೂ ಅವಳಿಗೆ ಆ ವಾರ ಇತ್ತು.

ಈ ನಡುವೆ ಕಾರ್ಯದರ್ಶಿ ಒಳಗಿನಿಂದ ಬಂದು, ನಮ್ಮ ಸಂಘದ ಹಾಲು ತೆಳುವಾಗಿದೆ ಎಂದು ಮೇಲಿನವರು ಕೇಳುತ್ತಿದ್ದಾರೆ, ಮುಖ ನೋಡಿ ಮಣೆ ಹಾಕಬೇಡ ಎಂದು ಹೇಳಿ ಹೋದ. ಅದೇ ಸಂಜೆ ಕೊಳವೆಯ ತುದಿ ಹಾಲು ಒಣಗಿ ಕಟ್ಟಿಕೊಂಡಿತ್ತು. ಮೆತ್ತಗಾಗಲಿ ಎಂದು ಹಾಲಕ್ಕ ಕೊಳವೆಯನ್ನು ಒಂದು ಲೋಟ ನೀರಿನಲ್ಲಿ ಅದ್ದಿಟ್ಟು ಬೀಗ ಹಾಕಿದಳು. ಮುಂದೆ ದಿನವೂ ಹಾಗೇ ಮಾಡಿದಳು.

ಮರುದಿನ ಬೆಳಗ್ಗೆ ಮೇಷ್ಟ್ರ ಲೋಟಕ್ಕೆ ಗಾಜಿನ ಮೇಲೆ ಏಳು ಬಂತು. ಸಾಲಿನಲ್ಲಿ ಹದಿನೈದು ಜನ ಇದ್ದರು. ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದ. ಹಾಲಕ್ಕ ಒಂದು ಕ್ಷಣ ತಡೆದಳು. ತಡೆದದ್ದು ಎಲ್ಲರಿಗೂ ಕಂಡಿತೆಂದು ಗೊತ್ತಾಗಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಓದಿದಳು. "ನಲವತ್ತೊಂದು. ನೀರು ಏಳು."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ಗಾಜನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಇನ್ನೊಂದ್ಸಲ ನೋಡ್ತೀಯೇನಮ್ಮ?"

"ಮಿಷಿನ್ನು ಸುಳ್ಳು ಹೇಳಲ್ಲ ಮೇಷ್ಟ್ರೇ," ಎಂದಳು ಹಾಲಕ್ಕ.

ಮೇಷ್ಟ್ರು ಕ್ಯಾನಿನ ಮುಚ್ಚಳವನ್ನು ಎರಡು ಸಲ ತಿರುಗಿಸಿ ಬಿಗಿ ಮಾಡಿದರು, ಮೆಟ್ಟಿಲಿಳಿದರು. ಹಿಂದಿನಿಂದ ಬಡಗಿ, "ನೋಡ್ರಪ್ಪ, ಮಿಷಿನ್ ಮೇಷ್ಟ್ರನ್ನ ಮಿಷಿನ್ನೇ ಫೇಲ್ ಮಾಡ್ತು" ಎಂದ. ಆ ಮಾತಿಗೆ ನಗದವರು ಕಡಿಮೆ. ಹಾಲಕ್ಕ ನಗಲಿಲ್ಲ, ಆದರೆ ಸುಮ್ಮನಿರಿ ಎಂದೂ ಹೇಳಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ನಲವತ್ತೊಂದು ಎಂದು ಬರೆದಳು. ಅಕ್ಷರ ಮುದ್ದಾಗಿ ಬಂತು. ಮೇಷ್ಟ್ರೇ ತಿದ್ದಿಸಿದ ಅಕ್ಷರ.

ಮರುದಿನ ಮೇಷ್ಟ್ರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಎರಡು ದಿನ ಸಾಲಿನ ತಲೆಗೆ ನಿಂತವಳು ಎಮ್ಮೆ ಕಟ್ಟಿದ ಹೆಂಗಸು. ಅವಳ ಹಾಲು ಮೊದಲೇ ಮಂದ, ಅದರೊಳಗೆ ಎರಡು ಚಮಚ ನೀರು ಸೇರಿದರೂ ಮಿಷಿನ್ನಿಗೆ ಗೊತ್ತಾಗುವಂತಿರಲಿಲ್ಲ. ಮೂರನೆಯ ದಿನ ಮೊದಲು ಬಂದವನು ಬಡಗಿ. ಗಾಜಿನ ಮೇಲೆ ಏಳು ಬಂತು.

ಬಡಗಿ ಕೇಳಿಕೊಳ್ಳುವವನಲ್ಲ. ಕಟ್ಟೆಯ ಮೇಲೆ ಕೈ ಕುಟ್ಟಿದ. ನನ್ನ ಹಸುವಿನ ಮುಂದೆ ಬಂದು ಈ ಮಾತು ಹೇಳು, ಅದೇ ನಿನಗೆ ಉತ್ತರ ಕೊಡುತ್ತದೆ ಎಂದ. ಇನ್ನೊಂದು ಸಲ ಹಾಕು, ಇಲ್ಲದಿದ್ದರೆ ಈ ಡಬ್ಬಿಯನ್ನು ನಾನೇ ಬಿಚ್ಚಿ ನೋಡುತ್ತೇನೆ, ನನ್ನ ಹತ್ತಿರ ತಿರುಪುಳಿ ಇದೆ ಎಂದ. ಹಾಲಕ್ಕ ಇನ್ನೊಂದು ಲೋಟ ಹಿಡಿದಳು. ಐವತ್ತು ಎಣಿಸಿದಳು. ಸೊನ್ನೆ.

ಅವಳ ಕಣ್ಣು ತಾನಾಗಿಯೇ ಕಟ್ಟೆಯ ಮೂಲೆಗೆ ಹೋಯಿತು. ಕೊಳವೆ ಅದ್ದಿಟ್ಟ ನೀರಿನ ಲೋಟ ಅಲ್ಲಿ ಇತ್ತು. ಅದರ ಪಕ್ಕದಲ್ಲಿ ನಾಲ್ಕು ವರ್ಷ ಮನೆಯ ಹಾಲು ತುಂಬಿಕೊಂಡು ಬರುತ್ತಿದ್ದ ಲೋಟ ಬೋರಲು ಬಿದ್ದಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನಾಯ್ತು ಇದಕ್ಕೆ?" ಎಂದ ಬಡಗಿ.

"ಮಿಷಿನ್ನಲ್ವಾ. ಒಂದೊಂದ್ಸಲ ಹಾಗೆ," ಎಂದಳು ಹಾಲಕ್ಕ.

ಬಡಗಿ ಗೆದ್ದವನಂತೆ ಚೀಟಿ ತೆಗೆದುಕೊಂಡು ಹೋದ. ಸಾಲು ಮುಂದೆ ಸರಿಯಿತು. ಜೋರು ಮಾಡಿದವನಿಗೆ ಎರಡನೆಯ ಲೋಟ ಸಿಕ್ಕಿತು, ಮೆತ್ತಗೆ ಕೇಳಿದವರಿಗೆ ಸಿಗಲಿಲ್ಲ ಎನ್ನುವುದು ಅಲ್ಲಿದ್ದ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಹಾಲಕ್ಕನಿಗೆ ಮಾತ್ರ ಅದು ಹೊಳೆಯಿತು. ಜನ ಹೋದ ಮೇಲೆ ಹಲಗೆಯ ಹತ್ತಿರ ಹೋಗಿ, ಸಂಜೆಯವರೆಗೆ ಇರಬೇಕಾಗಿದ್ದ ನಲವತ್ತೊಂದನ್ನು ಅಂಗೈಯಿಂದಲೇ ಒರೆಸಿದಳು. ಒರೆಸಿದ ಜಾಗ ಬೆಳ್ಳಗೆ ಕಾಣುತ್ತಿತ್ತು. ಬರೆದದ್ದಕ್ಕಿಂತ ಅದೇ ಎದ್ದು ಕಂಡಿತು. ಒದ್ದೆ ಬಟ್ಟೆ ತಂದು ಇಡೀ ಹಲಗೆಯನ್ನೇ ಒರೆಸಿದಳು.

ಆ ದಿನವೆಲ್ಲ ಅವಳ ತಲೆಯಲ್ಲಿ ಒಂದರ ಹಿಂದೆ ಒಂದು ಉಪಾಯ. ಮೇಷ್ಟ್ರ ಮನೆಗೆ ಯಾರನ್ನಾದರೂ ಕಳಿಸಿ ಹಾಲು ತರಿಸಿದರೆ? ನಿಯಮ ಬದಲಾಗಿದೆ, ಹಿರಿಯರ ಹಾಲನ್ನು ಎರಡು ಸಲ ನೋಡಬೇಕಂತೆ ಎಂದು ಹೇಳಿದರೆ? ಏನೂ ಆಗೇ ಇಲ್ಲವೆಂಬಂತೆ ಬನ್ನಿ ಎಂದು ಕರೆದರೆ? ಪ್ರತಿಯೊಂದರಲ್ಲೂ ಮೇಷ್ಟ್ರು ವಾಪಸ್ಸು ಬರುತ್ತಿದ್ದರು, ಅವಳು ಮಾತ್ರ ಎಲ್ಲೂ ಸಿಕ್ಕಿಬೀಳುತ್ತಿರಲಿಲ್ಲ. ಅತ್ತೆಗೆ ಅರ್ಧ ವಿಷಯ ಹೇಳಿದಳು. ಅತ್ತೆ ಪೂರ್ತಿ ಅರ್ಥ ಮಾಡಿಕೊಂಡು, ಬಾಯಿ ಮುಚ್ಚಿಕೊಂಡಿರು, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತರೆ ಆ ಮೇಷ್ಟ್ರೇನು ಬಂದು ಒಲೆ ಹಚ್ಚುತ್ತಾರಾ ಎಂದಳು.

ಮಾರನೆಯ ಮಧ್ಯಾಹ್ನ ಹಾಲಕ್ಕ ಮೇಷ್ಟ್ರ ಮನೆಗೆ ಹೋದಳು. ಮನೆಯ ಪಕ್ಕದ ಕೊಟ್ಟಿಗೆ ಗುಡಿಸಿ ಸ್ವಚ್ಛವಾಗಿತ್ತು. ಬೇಲಿಯ ಗೂಟಗಳ ಮೇಲೆ ಹಾಲು ಕರೆಯುವ ಪಾತ್ರೆ, ಕ್ಯಾನು, ಸೋಸುವ ಬಟ್ಟೆ ಎಲ್ಲವನ್ನೂ ಬೋರಲು ಹಾಕಿ ಬಿಸಿಲಿಗೆ ಒಣಗಿಸಿದ್ದರು. ಒಂದು ಹನಿ ನೀರು ಉಳಿಯಬಾರದು ಎನ್ನುವಂತೆ. ಮೇಷ್ಟ್ರು ಜಗುಲಿಯ ಮೇಲೆ ಕೂತಿದ್ದರು. ಬಾಮ್ಮ, ಕೂತ್ಕೋ ಎಂದರು. ಮೊದಲಿನ ದನಿಯೇ, ಆದರೆ ಮೇಲಿನ ಅರ್ಧ ಕತ್ತರಿಸಿದಂತೆ ಇತ್ತು. ಮೇಷ್ಟ್ರ ಹೆಂಡತಿ ಒಳಗಿನಿಂದ ಒಂದು ಲೋಟ ನೀರು ತಂದು ಹಾಲಕ್ಕನ ಮುಂದೆ ಇಟ್ಟರು. ಗಂಡನ ಕಡೆ ತಿರುಗಿ ನೋಡಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಗೋಡೆಗೆ ಹೇಳಿದಂತೆ ಹೇಳಿದರು.

"ನಲವತ್ತು ವರ್ಷ ಆಯ್ತು ನಾನು ಈ ಮನೆಗೆ ಬಂದು. ನೀನು ನೀರು ಹಾಕಿದ್ಯಾ ಅಂತ ಕೇಳಿದ್ರು."

ಹೇಳಿ ಒಳಗೆ ಹೋದರು. ಒಳಗೆ ಪಾತ್ರೆಯೊಂದು ಬೇಕಾದ್ದಕ್ಕಿಂತ ಜೋರಾಗಿ ಕೆಳಗೆ ಕೂತಿತು.

ಹಾಲಕ್ಕ ಇದನ್ನು ಎಣಿಸಿರಲಿಲ್ಲ. ಅವಳ ಎಣಿಕೆಯಲ್ಲಿ ಮೇಷ್ಟ್ರು ಮನೆಯಲ್ಲಿ ಕೂತು ಅವಳನ್ನು ಬೈದುಕೊಳ್ಳುತ್ತಿದ್ದರು, ಮಿಷಿನ್ನನ್ನು ಬೈದುಕೊಳ್ಳುತ್ತಿದ್ದರು. ಅವರು ಮಿಷಿನ್ನನ್ನು ನಂಬಿಬಿಟ್ಟಿರಬಹುದು ಎಂದು ಅವಳಿಗೆ ತೋಚಿಯೇ ಇರಲಿಲ್ಲ. ತಾನು ಹಾಕಿಲ್ಲ, ಮಿಷಿನ್ನು ಸುಳ್ಳು ಹೇಳುವುದಿಲ್ಲ, ಹಾಗಾದರೆ ಉಳಿದವರು ಒಬ್ಬರೇ.

"ನಿಮ್ಮದೇನೂ ಇಲ್ಲ ಮೇಷ್ಟ್ರೇ. ಅಮ್ಮಾವ್ರದ್ದೂ ಇಲ್ಲ," ಎಂದಳು. ಮುಂದಿನ ಮಾತು ಬಾಯಿಗೆ ಬಂದಿತ್ತು. ಬಂದದ್ದು ತುಟಿಯ ಹತ್ತಿರ ಹೊರಳಿಕೊಂಡಿತು. "ಮಿಷಿನ್ನಿಂದೇ ಏನೋ ತಪ್ಪು. ಬಡಗಿ ಅಣ್ಣಂಗೂ ಹಾಗೇ ತೋರಿಸ್ತು."

ಮೇಷ್ಟ್ರ ಮುಖ ಒಂದು ಗಳಿಗೆ ಹಗುರಾಯಿತು. ಮರುಗಳಿಗೆಗೆ ಮೊದಲಿಗಿಂತ ಕಪ್ಪಿಟ್ಟಿತು. ಕೊಟ್ಟಿಗೆಯಲ್ಲಿ ಹಸು ಮೈ ಕೊಡವಿತು.

"ಆ ಪಾಠ ನೆನಪಿದೆಯಾ ನಿನಗೆ?" ಎಂದರು. ಹಾಲಕ್ಕ ತಲೆಯಾಡಿಸಿದಳು.

"ಒಂದು ವಿಷಯ ಆವತ್ತು ಹೇಳಿರ್ಲಿಲ್ಲ. ಬೆಲ್ ಹೊಡೀತು. ನಾವು ನ್ಯಾಯದ ಹಿಂದೆ ಅ ಹಾಕಿ ಅನ್ಯಾಯ ಅಂತೀವಲ್ಲ, ಗ್ರೀಕರೂ ಹಾಗೇ ಹಾಕ್ತಿದ್ರು. ಅಮೆಖಾನಿಯ. ಯಾವ ಉಪಾಯವೂ ತೋಚದೆ, ಕೈ ಕಟ್ಟಿಹೋಗಿ ಕೂತ್ಕೊಳ್ಳೋದು. ಪುಸ್ತಕದಲ್ಲಿ ಓದಿದ್ದೆ. ಈ ನಾಲ್ಕು ದಿನ ಅದ್ರಲ್ಲೇ ಇದೀನಿ."

ಅವರು ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದರು.

"ಎಷ್ಟು ವರ್ಷ ಮಕ್ಕಳಿಗೆ ಹೇಳಿದೆ, ಮಿಷಿನ್ನು ಅಂದ್ರೆ ಮನುಷ್ಯನ ತಲೆಯಿಂದ ಬಂದದ್ದು, ಹಗ್ಗ ಹಿಡಿದೋನು ಯಾರು ಅಂತ ಮೊದಲು ನೋಡಿ ಅಂತ. ಕೊನೆಗೆ ನಾನೇ ನೋಡ್ಲಿಲ್ಲ. ಬಂದು ಇವಳನ್ನ ಕೇಳ್ದೆ."

ಹಗ್ಗ ಹಿಡಿದವಳು ಎದುರಿಗೇ ಕೂತಿದ್ದಳು. ಮೇಷ್ಟ್ರು ಅದನ್ನು ಚುಚ್ಚಿ ಹೇಳಿದ್ದಲ್ಲ, ಅವರ ಮನಸ್ಸಿನಲ್ಲಿ ಅವಳ ಯೋಚನೆಯೇ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹಾಲಕ್ಕ ಎದ್ದಳು, ಬರ್ತೀನಿ ಮೇಷ್ಟ್ರೇ ಎಂದಳು. ಆ ಒಂದು ಲೋಟ ನೀರನ್ನು ಕುಡಿಯದೆ ಬಂದಿದ್ದೇನೆಂದು ಅವಳಿಗೆ ತಿರುವು ದಾಟಿದ ಮೇಲೆ ನೆನಪಾಯಿತು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಮಿಷಿನ್ನಿಂದೇ ತಪ್ಪು. ಎರಡು ದಿನದಲ್ಲಿ ಎರಡನೆಯ ಸಲ ಹೇಳಿದ್ದಳು. ಎರಡನೆಯ ಸಲ ಅದು ಎಷ್ಟು ಸಲೀಸಾಗಿ ಬಂತು ಎನ್ನುವುದೇ ಅವಳನ್ನು ಹೆಚ್ಚು ಹಿಂಡಿತು.

ಮರುದಿನ ಬೆಳಗ್ಗೆ ಸಂಘದ ಬಾಗಿಲು ತೆಗೆದವಳೇ ಸೀಮೆಸುಣ್ಣ ತೆಗೆದುಕೊಂಡಳು. 'ನೀರು ಬೆರೆಸಿದವರು' ಎನ್ನುವುದರ ಕೆಳಗೆ ಹದಿನೇಳು ಎಂದು ಬರೆದಳು. ಹದಿನೇಳು ಅವಳ ಮನೆಯದೇ ಸಂಖ್ಯೆ.

ಮೊದಲು ಓದಿದವನು ಬಡಗಿ. ಬೆರಳಿಟ್ಟು ಓದಿ, ಹಿಂದಕ್ಕೆ ತಿರುಗಿ, "ಹಾಲಕ್ಕ, ಬತ್ತಿದ ಹಸುವಿನ ಹಾಲಿಗೂ ನೀರು ಬೆರೆಸಿದ್ಯಾ?" ಎಂದ. ಸಾಲು ನಕ್ಕಿತು. ಹಾಲಕ್ಕ ನಗು ನಿಲ್ಲುವವರೆಗೆ ಕಾದಳು.

"ಮೇಷ್ಟ್ರ ಹಾಲಿಗೆ ಬೆರೆಸಿದ್ದು," ಎಂದಳು. "ಕೊಳವೇಲಿ ನೀರಿತ್ತು. ಮೊದಲ ಗುಟುಕು ಚೆಲ್ಲಬೇಕಿತ್ತು, ನಾನು ಚೆಲ್ತಿರ್ಲಿಲ್ಲ. ಇನ್ನೊಂದ್ಸಲ ನೋಡು ಅಂದ್ರು, ನೋಡ್ಲಿಲ್ಲ. ಮಿಷಿನ್ನಿಂದಲ್ಲ, ನಂದು."

ಅಷ್ಟು ಉದ್ದ ಮಾತನ್ನು ಆ ಕಟ್ಟೆಯ ಹಿಂದೆ ಅವಳು ಎಂದೂ ಆಡಿರಲಿಲ್ಲ. ಮುಗಿದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಡಗಿ ಕತ್ತು ಕೆರೆದುಕೊಂಡ. ಮುಂದೆ ಬಂದು ತನ್ನ ಕ್ಯಾನಿನಿಂದ ಅರ್ಧ ಲೋಟ ಬಗ್ಗಿಸಿ ಕೊಳವೆಯ ಕೆಳಗೆ ಇಟ್ಟ. ಆವತ್ತು ಮೊಲೆಯ ಮಾತು ಆಡಿದ್ದು ಅವನಿಗೂ ನೆನಪಾಗಿರಬೇಕು. ಮಿಷಿನ್ನು ಗೊರ್ರೆಂದು ಎಳೆದುಕೊಂಡಿತು. ಅವಳು ಆ ಹಾಲನ್ನು ಎಲ್ಲರ ಮುಂದೆ ಮೋರಿಗೆ ಚೆಲ್ಲಿದಳು.

ಹೇಳಿದ್ದು ಒಂದೇ ಸಲಕ್ಕೆ ಮುಗಿಯಲಿಲ್ಲ. ತಡವಾಗಿ ಬಂದವರು ಹಲಗೆ ಓದಿ ಇದೇನಿದು ಎನ್ನುತ್ತಿದ್ದರು, ಅವಳು ಮೊದಲಿನಿಂದ ಹೇಳುತ್ತಿದ್ದಳು. ಸಂಜೆಯ ಸರದಿಯವರಿಗೆ ಇನ್ನೊಮ್ಮೆ. ಪ್ರತಿ ಸಲವೂ ಮುಖ ಅಷ್ಟೇ ಬಿಸಿಯಾಗುತ್ತಿತ್ತು, ರೂಢಿಯಾಗಲಿಲ್ಲ. ಕಾರ್ಯದರ್ಶಿ ಒಳಗೆ ಕರೆದು, ಇದನ್ನು ನನಗೆ ಮೊದಲು ಹೇಳಬಾರದಿತ್ತೇ, ಜನ ಇನ್ನು ಮಿಷಿನ್ನನ್ನು ನಂಬುತ್ತಾರೆಯೇ, ನಿನ್ನ ಕೆಲಸದ ಮಾತನ್ನು ಸಭೆಯಲ್ಲಿ ಇಡಬೇಕಾಗುತ್ತದೆ ಎಂದ. ಇಡಿ ಎಂದಳು. ಮನೆಯಲ್ಲಿ ಅತ್ತೆ, ಮನೆಯ ನಂಬರನ್ನು ಊರ ಬಾಗಿಲಿಗೆ ಕಟ್ಟಿದಳಲ್ಲ ಎಂದು ಒಮ್ಮೆ ಹೇಳಿ ಮಾತು ಬಿಟ್ಟಳು.

ಎರಡನೆಯ ಬೆಳಗ್ಗೆ ಮೇಷ್ಟ್ರ ಹೆಂಡತಿ ಬಂದರು. ಅಲ್ಲಿಯವರೆಗೆ ಸಂಘದ ಮೆಟ್ಟಿಲನ್ನು ಅವರು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಎದುರಿನ ನಾಲ್ಕು ಜನ ತಾವಾಗಿ ಸರಿದು ದಾರಿ ಬಿಟ್ಟರು. ಅವರು ಬೇಡವೆಂದು ತಲೆಯಾಡಿಸಿ ಸಾಲಿನ ಬಾಲಕ್ಕೇ ಹೋಗಿ ನಿಂತರು. ಸರದಿ ಬಂದಾಗ ಕ್ಯಾನನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ಹಾಲಕ್ಕ ಲೋಟದಲ್ಲಿ ಹಾಲು ತೆಗೆದುಕೊಂಡು ಕೊಳವೆಗೆ ಹಿಡಿದಳು.

"ಸೊನ್ನೆ," ಎಂದಳು.

"ಕೇಳಿಸ್ಲಿಲ್ಲ."

"ನಲವತ್ತೊಂದು. ನೀರು ಸೊನ್ನೆ ಅಮ್ಮಾವ್ರೇ."

"ಅವತ್ತು ರಸ್ತೆಗೂ ಕೇಳಿಸಿತ್ತಂತೆ."

ಹಾಲಕ್ಕ ಉಸಿರೆಳೆದುಕೊಂಡು ರಸ್ತೆಗೆ ಕೇಳುವಂತೆ ಓದಿದಳು.

"ಇನ್ನೊಂದ್ಸಲ ನೋಡು," ಎಂದರು ಮೇಷ್ಟ್ರ ಹೆಂಡತಿ.

ಆಗಲೇ ಹಾಲು ಹಾಕಿ ಮುಗಿಸಿದವರೂ ಹೋಗದೆ ನಿಂತಿದ್ದರು, ಬಡಗಿ ತನ್ನ ಕಾಲಬೆರಳು ನೋಡುತ್ತಿದ್ದ. ಹಾಲಕ್ಕ ಹೊಸದಾಗಿ ಹಾಲು ತೆಗೆದುಕೊಂಡು ಹಿಡಿದಳು. ಐವತ್ತು ಎಣಿಕೆ ಅಷ್ಟು ದೂರ ಎಂದು ಅವಳಿಗೆ ಈ ನಾಲ್ಕು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಮತ್ತೆ ಓದಿದಳು, ಅಷ್ಟೇ ಗಟ್ಟಿಯಾಗಿ.

ಮೇಷ್ಟ್ರ ಹೆಂಡತಿ ಚೀಟಿ ಮಡಚಿಕೊಂಡರು. ಹೊರಡುತ್ತ ಹಲಗೆಯ ಮುಂದೆ ನಿಂತರು.

"ಹದಿನೇಳು ನಿಂದೇನು?"

"ಹೂಂ."

"ನಿಮ್ಮತ್ತೆ ಏನಂದ್ರು?"

"ಮಾತಾಡ್ತಿಲ್ಲ."

"ನಮ್ಮನೇಲೂ ಅದೇ. ಇವತ್ತಿಗೆ ಆರು ದಿನ," ಎಂದರು ಅವರು. ಅದು ಯಾರ ಮೇಲಿನ ಸಿಟ್ಟು, ಎಷ್ಟು ಉಳಿದಿದೆ, ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. "ನಾಳೆ ಅವರನ್ನೇ ಕಳಿಸ್ತೀನಿ. ಮೊದಲು ಬಂದು ನಿಂತ್ಕೊಳ್ಲಿ. ನೀನು ಆ ಗುಟುಕು ಚೆಲ್ಲೋದನ್ನ ಅವರು ಕಣ್ಣಾರೆ ನೋಡ್ಲಿ. ಆಮೇಲೆ ಮನೆಗೆ ಬಂದು ನನಗೆ ಹೇಳ್ಬೇಕು."

ಖಾಲಿ ಕ್ಯಾನನ್ನು ತೋಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.

ಜನ ಚದುರಿದ ಮೇಲೆ ಹಾಲಕ್ಕ ಮಿಷಿನ್ನು ಒರೆಸಿದಳು, ಕಟ್ಟೆ ತೊಳೆದಳು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಬೆಳಗಿನ ಬಿಸಿಲು ಬಾಗಿಲಿನಿಂದ ನೇರ ಹಲಗೆಗೆ ಬಿದ್ದು ಹದಿನೇಳು ರಸ್ತೆಯಲ್ಲಿ ಹೋಗುವವರಿಗೂ ಓದುವಷ್ಟು ಸ್ಪಷ್ಟವಾಗಿತ್ತು. ಅವಳು ಬಟ್ಟೆಯನ್ನು ಹಿಂಡಿ ಮೊಳೆಗೆ ಹಾಕಿದಳು. ಬರೆದದ್ದು ಇನ್ನೂ ಎರಡು ದಿನ ಅಲ್ಲಿ ಇರಬೇಕಿತ್ತು.